ಹುಲಿಕಲ್ಲಿನ ಸೀಸೆ

ನಮ್ಮ ಮನೆಯಲ್ಲಿ ಅದನ್ನು ವೈನ್ ಎಂದು ಕರೆದವರು ಯಾರೂ ಇಲ್ಲ. ಕರೆದಿದ್ದರೆ ಅಜ್ಜಿ ಸೌಟು ಹಿಡಿದೇ ಬರುತ್ತಿದ್ದರು. ಅದು ರಸ. ‘ಈ ವರ್ಷದ ರಸ’, ‘ಹೋದ ವರ್ಷದ ರಸ’, ಅಷ್ಟೇ. ಕಪ್ಪು ದ್ರಾಕ್ಷಿಯನ್ನು ಹಿಸುಕಿ, ಬೆಲ್ಲ ಬೆರೆಸಿ, ಭರಣಿಗೆ ತುಂಬಿ, ಭತ್ತದ ರಾಶಿಯೊಳಗೆ ಒಂದು ತಿಂಗಳು ಹೂತಿಟ್ಟು ತೆಗೆದ ಕೆಂಪು ರಸಕ್ಕೆ ಊರವರು ಏನೆನ್ನುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದರಲ್ಲಿ ಆ ಮನೆಯವರು ಪಳಗಿದವರು. ಅದೂ ಒಂದು ವಿದ್ಯೆ ಎನ್ನುವುದು ನನಗೆ ತಿಳಿದದ್ದು ಮದುವೆಯಾಗಿ ಎರಡು ವರ್ಷವಾದ ಮೇಲೆ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದಲ್ಲಿ. ನನ್ನ ತವರು ಸಾಗರದ ಪೇಟೆ. ಗಂಡನ ಮನೆ ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ. ಗದ್ದೆ ಮಾಡುವ ಮನೆ. ಮಾವನವರ ತಾಯಿ, ಅಂದರೆ ನಮ್ಮವರ ಅಜ್ಜಿ, ಆ ಮನೆಯ ಯಜಮಾನಿ. ಅವರ ಕೆಳಗೆ ಅತ್ತೆ, ಮಾವ, ನಾವಿಬ್ಬರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು ಎನ್ನುವ ಒಂದೇ ಕಾರಣಕ್ಕೆ ಮನೆಗೆ ಬರುವ ಕಾಗದ ಓದುವುದು, ಮನೆಯಿಂದ ಹೋಗುವ ಕಾಗದ ಬರೆಯುವುದು ನನ್ನ ಪಾಲಿಗೆ ಬಂತು. ನಮ್ಮವರಿಗೆ ಅಕ್ಷರ ಬರುತ್ತಿರಲಿಲ್ಲವೆಂದಲ್ಲ. ಆದರೆ ಪೋಸ್ಟ್ ಕಾರ್ಡು ಕಂಡರೆ ಎತ್ತಿನ ನೆಪ ಹೇಳಿ ಗದ್ದೆಗೆ ಓಡುವ ಜಾತಿ.

ಮನೆಯ ಹಿಂದೆ ಕಲ್ಲು ಕಲ್ಲಾದ ಒಂದು ಧರೆ, ಅಂಗಳಕ್ಕಿಂತ ಎತ್ತರದ ದಿಬ್ಬ. ನೀರು ನಿಲ್ಲದ, ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗ. ಅಲ್ಲಿ ಕಲ್ಲುಕಂಬದ ಚಪ್ಪರ ಹಾಕಿ ಮೂರು ದ್ರಾಕ್ಷಿಬಳ್ಳಿ ಹಬ್ಬಿಸಿದ್ದರು. ಬಳ್ಳಿ ಎಂದರೆ ಬೆರಳು ಗಾತ್ರದ್ದಲ್ಲ. ಬುಡ ನನ್ನ ತೊಡೆಯಷ್ಟು ದಪ್ಪ, ಮೈಯೆಲ್ಲ ಸುಲಿದ ತೊಗಟೆ. ನಮ್ಮ ಕಡೆಯ ಮಳೆಯಲ್ಲಿ ದ್ರಾಕ್ಷಿ ಬೆಳೆಯುವುದೂ ಒಂದೇ, ಆಗುಂಬೆಯಲ್ಲಿ ಹಪ್ಪಳ ಒಣಗಿಸುವುದೂ ಒಂದೇ ಎಂದು ಊರವರು ನಗುತ್ತಿದ್ದರಂತೆ. ಮಳೆಗಾಲದಲ್ಲಿ ಎಲೆಯೆಲ್ಲ ಬೂಷ್ಟು ಹಿಡಿದು ಉದುರಿ ಬಳ್ಳಿ ಸತ್ತೇಹೋಯಿತು ಎನ್ನುವ ಹಾಗೆ ಕಾಣುತ್ತಿದ್ದುದು ನಿಜ. ಅಜ್ಜಿ ಅದರ ಬುಡಕ್ಕೆ ಅಡಿಕೆ ಸೋಗೆ ಹೊದಿಸಿ ಸುಮ್ಮನಿರುತ್ತಿದ್ದರು. ದೀಪಾವಳಿ ಮುಗಿದ ಮಾರನೆಯ ದಿನ ಕತ್ತಿ ಮಸೆದು, ಏಣಿ ಹತ್ತಿ, ಒಣಗಿದ್ದು ಹಸಿಯಿದ್ದು ನೋಡದೆ ಎಲ್ಲ ಕೊಂಬೆ ಸವರಿಬಿಡುತ್ತಿದ್ದರು. ಮೊದಲ ವರ್ಷ ಅದನ್ನು ಕಂಡು ನನಗೆ ಅಳುವೇ ಬಂದಿತ್ತು. ಹದಿನೈದು ದಿನಕ್ಕೆ ಚಿಗುರು ಬಂತು. ಫಾಲ್ಗುಣದ ಹೊತ್ತಿಗೆ, ಮೊದಲ ಮಳೆಗೆ ಇನ್ನೂ ದಿನವಿರುವಾಗ, ಚಪ್ಪರದ ಕೆಳಗೆ ಕಪ್ಪು ಗೊಂಚಲು ಜೋತುಬಿದ್ದಿದ್ದವು.

ಮುಂದಿನ ಬಾವಿಯ ಹತ್ತಿರ ಮಾವನವರು ಹೊಸದೊಂದು ಬಳ್ಳಿ ನೆಟ್ಟಿದ್ದರು. ಅದು ಹುಚ್ಚು ಹಿಡಿದ ಹಾಗೆ ಕಾಯಿ ಬಿಡುತ್ತಿತ್ತು. ಹಳೆಯ ಮೂರೂ ಸೇರಿ ಕೊಡುವುದರ ಎರಡರಷ್ಟು ಅದೊಂದೇ ಕೊಡುತ್ತಿತ್ತು. ಆದರೆ ಅಜ್ಜಿ ಅದರ ಒಂದು ಹಣ್ಣನ್ನೂ ಭರಣಿಗೆ ಹಾಕಗೊಡುತ್ತಿರಲಿಲ್ಲ.

“ಅದ್ರಲ್ಲಿ ಎಂತ ಇದೆ, ಬರೀ ನೀರು. ಹಳೇ ಬಳ್ಳಿ ಮುದುಕಿ ಇದ್ದಾಂಗೆ ಕಣೇ. ಮಾತು ಕಮ್ಮಿ, ಆಡಿದ್ರೆ ತೂಕ,” ಎನ್ನುತ್ತಿದ್ದರು.

“ನಿಮ್ಮಾಂಗಾ ಅಜ್ಜಿ?” ಎಂದು ನಾನು ಕೇಳಿದ್ದೆ. ಅಜ್ಜಿ ಬೆಳಗ್ಗೆ ಬಾಯಿ ತೆರೆದರೆ ರಾತ್ರಿ ಮಲಗುವವರೆಗೆ ಮುಚ್ಚಿದವರಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಜ್ಜಿ ಮಾತ್ರ ನನಗಿಂತ ಜೋರಾಗಿ ನಕ್ಕರು. ನನಗೂ ಅವರಿಗೂ ಸ್ನೇಹವಾದದ್ದು ಆವತ್ತೇ ಎಂದು ಕಾಣುತ್ತದೆ.

ಆ ಮೂರು ಬಳ್ಳಿಗಳನ್ನು ನೆಟ್ಟವರು ಅಜ್ಜಿಯ ಮೈದುನ, ಅಜ್ಜನ ಚಿಕ್ಕಪ್ಪನ ಮಗ. ಹುಡುಗುತನದಲ್ಲಿ ಯಾರಿಗೂ ಹೇಳದೆ ಬೆಂಗಳೂರಿನ ಕಡೆಗೆ ಹೋಗಿ, ದ್ರಾಕ್ಷಿತೋಟದಲ್ಲಿ ಎರಡು ವರ್ಷ ಕೂಲಿ ಮಾಡಿ, ವಾಪಸು ಬರುವಾಗ ಕೈಯಲ್ಲಿ ದುಡ್ಡಿನ ಬದಲು ಒದ್ದೆ ಗೋಣಿಯಲ್ಲಿ ಸುತ್ತಿದ ಮೂರು ಕಡ್ಡಿ ತಂದಿದ್ದರಂತೆ. ಮನೆಯಲ್ಲಿ ಎಲ್ಲರೂ ಬೈದರು. ಆಗಿನ್ನೂ ಹೊಸ ಸೊಸೆಯಾಗಿದ್ದ ಅಜ್ಜಿ ಮಾತ್ರ ಬೇಸಿಗೆಯಿಡೀ ಕೊಡಪಾನದಲ್ಲಿ ನೀರು ಹೊತ್ತು ಹಾಕಿದರು. ಮುಂದೆ ಮನೆ ಪಾಲಾದಾಗ ಆ ಮೈದುನ, “ಗದ್ದೆ ಅಳ್ದು ಹಂಚಿ. ಬಳ್ಳಿ ಅತ್ತಿಗೆದು, ಅದನ್ನ ಅಳೀಬೇಡಿ” ಎಂದು ಹೇಳಿ ಹುಲಿಕಲ್ಲಿನ ಕಡೆ ಹೋಗಿ ನೆಲೆಸಿದರು. ನಮ್ಮ ಮನೆಯಲ್ಲಿ ಅವರು ಹುಲಿಕಲ್ಲಜ್ಜ.

ಪ್ರತಿ ವರ್ಷ ರಸ ಸೋಸಿದ ದಿನ ಉದ್ದ ಕತ್ತಿನ ಒಂದು ಹಸಿರು ಸೀಸೆ ತುಂಬಿ, ಅಡಿಕೆ ಹಾಳೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಹುಲಿಕಲ್ಲಿಗೆ ಕಳಿಸುವುದು ಪದ್ಧತಿ. ಜೊತೆಗೊಂದು ಕಾಗದ. ಅಜ್ಜಿ ಹೇಳಿ ಬರೆಸುವ ಒಕ್ಕಣೆ ನಾನು ಬರುವ ಮೊದಲಿನಿಂದಲೂ ಬದಲಾದದ್ದೇ ಇಲ್ಲ: ‘ಬಳ್ಳಿ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರು.’ ಸೀಸೆ ತಿಂಗಳ ಮೇಲೆ ತೊಳೆದು ಜೇನುತುಪ್ಪ ತುಂಬಿಸಿಕೊಂಡು ಹಿಂದೆ ಬರುತ್ತಿತ್ತು. ಅದರ ಜೊತೆಗಿನ ಕಾಗದದ ಒಕ್ಕಣೆಯೂ ಬದಲಾಗುತ್ತಿರಲಿಲ್ಲ: ‘ಈ ವರ್ಷದ ರಸ ಚೆನ್ನಾಗಿದೆ. ಹೋದ ವರ್ಷದ್ದು ಇನ್ನೂ ಚೆನ್ನಾಗಿತ್ತು.’

ಇದನ್ನು ಓದಿ ಹೇಳಿದಾಗಲೆಲ್ಲ ಅಜ್ಜಿಗೆ ಮೈ ಉರಿಯುತ್ತಿತ್ತು. “ಹಾಗಾದ್ರೆ ಹೋದ ವರ್ಷ ಯಾಕೆ ಹೇಳ್ಲಿಲ್ಲ ಅವ್ನು? ಹೋದ ವರ್ಷಾನೂ ಅದ್ರ ಹಿಂದಿನ ವರ್ಷದ್ದೇ ಚೆನ್ನಾಗಿತ್ತು ಅಂದಿದ್ನಲ್ಲ!” ಎಂದು ಕಂಬಕ್ಕೆ, ಬೆಕ್ಕಿಗೆ, ಎದುರು ಸಿಕ್ಕಿದ ಎಲ್ಲರಿಗೂ ಹೇಳುತ್ತಿದ್ದರು. ಆಮೇಲೆ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ, ಅಕ್ಕಿ ಡಬ್ಬದ ಮೇಲಿನ ಮಣೆಯ ಅಡಿಯಲ್ಲಿ ಇಡುತ್ತಿದ್ದರು.

ರಸವನ್ನು ಯಾರು ಬೇಕಾದರೂ ಕುಡಿಯುವ ಹಾಗಿರಲಿಲ್ಲ. ಅದು ಬಾಣಂತಿಯರಿಗೆ, ಜ್ವರ ಬಿಟ್ಟು ಸೊರಗಿದವರಿಗೆ, ಊಟ ಸೇರದ ಮುದುಕರಿಗೆ. ದಿನಕ್ಕೆ ಎರಡು ಚಮಚ. ಆಗ ಸರ್ಕಾರದ ಪಾನನಿರೋಧ ನಮ್ಮ ಕಡೆ ಎಷ್ಟು ಬಿಗಿಯಾಗಿತ್ತೋ ನನಗೆ ನೆನಪಿಲ್ಲ. ಮನೆಯಲ್ಲಂತೂ ಅಜ್ಜಿಯ ಪಾನನಿರೋಧವಿತ್ತು. ಮಾವನವರಿಗೆ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ತಪ್ಪದೆ ಎದೆಯಲ್ಲಿ ಕಫ ಕಟ್ಟುತ್ತಿತ್ತು. ಅಜ್ಜಿ ಮಗನಿಗೆ ಶುಂಠಿ ಕಷಾಯ ಮಾಡಿಕೊಡುತ್ತಿದ್ದರು. ಗಟ್ಟಿಮುಟ್ಟಾದ ಸೊಸೆಯರಿಗೂ ಅದೇ ಕಾನೂನು. ಹೆರಿಗೆಯಾಗುವ ತನಕ ನಾಲಿಗೆಗೆ ಸೋಕಿಸುವಂತಿಲ್ಲ. ತೀರ್ಥಹಳ್ಳಿಯ ಪಂಡಿತರು, ಸಾಗರದಲ್ಲಿ ನಮ್ಮ ತವರಿನವರು, ಹೊಸನಗರದ ಅಂಗಡಿಯವರು, ಯಾರ ಮನೆಯಲ್ಲಿ ಹೆರಿಗೆಯಾದರೂ, “ಹಳೇ ಬಳ್ಳಿದು ಒಂದು ಸೀಸೆ ಇದ್ರೆ ಕೊಡಿ” ಎಂದು ಹೇಳಿಕಳಿಸುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಫಸಲು ಕಮ್ಮಿ. ಹೂ ಬಿಡುವ ಹೊತ್ತಿಗೆ ಮೋಡ ಕವಿದು ಗೊಂಚಲು ಉದುರಿ, ಒಂದೇ ಭರಣಿಗೆ ಆಗುವಷ್ಟು ಹಣ್ಣು ಸಿಕ್ಕಿತು. ಹಿಂದಿನ ವರ್ಷದ ರಸ ಮುಗಿದುಹೋಗಿತ್ತು. ನಾದಿನಿ ಎರಡನೇ ಹೆರಿಗೆಗೆ ಮನೆಗೆ ಬಂದಿದ್ದಳು. ದಿನ ತುಂಬುವುದು ವೈಶಾಖಕ್ಕೆ. ಮೊದಲ ಹೆರಿಗೆಯಲ್ಲಿ ರಕ್ತ ಹೋಗಿ ಎರಡು ತಿಂಗಳು ಗೋಡೆ ಹಿಡಿಯದೆ ಎದ್ದು ನಿಲ್ಲಲಾಗದೆ ಇದ್ದವಳು ಅವಳು. ಅವಳನ್ನು ಎಬ್ಬಿಸಿ ನಡೆಸಿದ್ದು ಅಜ್ಜಿಯ ರಸವೇ ಎಂದು ಮನೆಯವರೆಲ್ಲ ನಂಬಿದ್ದರು, ಎಲ್ಲರಿಗಿಂತ ಹೆಚ್ಚಾಗಿ ಅವಳೇ ನಂಬಿದ್ದಳು. ಬಂದ ದಿನವೇ, “ಅಜ್ಜಿ, ಭರಣಿ ಇಟ್ಟಾಯ್ತಾ?” ಎಂದು ಕೇಳಿದಳು. ಹೆದರಿದ್ದಾಳೆ ಎನ್ನುವುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಹಣ್ಣು ಕೊಯ್ಯುವುದು ಇಬ್ಬನಿ ಆರಿದ ಮೇಲೆ. ತೊಳೆಯುವ ಹಾಗಿಲ್ಲ, ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಪುಡಿ ಹೋಗಬಾರದು, ಅದು ಹೋದರೆ ರಸ ಹುದುಗಿ ಏಳುವುದಿಲ್ಲ. ಬಂದ ಹೊಸತರಲ್ಲಿ ನಾನು ಪೇಟೆಯ ಹುಡುಗಿ, ಒಂದು ಬುಟ್ಟಿ ಹಣ್ಣನ್ನು ಬಾವಿಕಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೊಳೆದು ಹೊಳೆಯಿಸಿ ತಂದು ಬೈಗುಳ ತಿಂದಿದ್ದೆ. ಹಣ್ಣನ್ನು ಮರದ ಮರಿಗೆಯಲ್ಲಿ ಕೈಯಿಂದಲೇ ಹಿಸುಕಿ, ಬೆಲ್ಲ, ಲವಂಗ, ಏಲಕ್ಕಿ ಮತ್ತು ಗುಡ್ಡದಿಂದ ತಂದ ಒಂದು ಕೆಂಪು ಹೂವಿನ ಒಣ ಎಸಳು ಸೇರಿಸಿ ಭರಣಿಗೆ ಸುರಿಯುವುದು. ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಇಟ್ಟು, ಗಾಳಿಯಾಡಲು ಕಿರುಬೆರಳಿನಷ್ಟು ಜಾಗ ಬಿಟ್ಟು ಸುತ್ತ ಮಣ್ಣು ಮೆತ್ತುವುದು. ಆಮೇಲೆ ಕಣಜದ ಕೋಣೆಯ ಭತ್ತದ ರಾಶಿಯಲ್ಲಿ ಕತ್ತಿನವರೆಗೆ ಹೂತು ಮೇಲೆ ಕಂಬಳಿ.

ಅಲ್ಲಿಂದ ಮುಂದೆ ಭರಣಿಗೆ ಬಾಣಂತಿಯ ಉಪಚಾರ. ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡಬಾರದು, ಮುಟ್ಟಾದವರು ಹೊಸಿಲು ದಾಟಬಾರದು, ಸೂತಕದವರ ನೆರಳೂ ಬೀಳಬಾರದು. ದಿನಾ ಬೆಳಗ್ಗೆ ಸ್ನಾನ ಮಾಡಿ ಅಜ್ಜಿ ಒಳಗೆ ಹೋಗಿ ಭರಣಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಒಂದು ದಿನ ನನಗೂ ಕೇಳಿಸಿದರು. ಒಳಗೆ ಗುಜುಗುಜು ಶಬ್ದ, ಮದುವೆಮನೆಯ ಹಿಂದಿನ ಕೋಣೆಯಲ್ಲಿ ಹೆಂಗಸರು ಮೆಲ್ಲಗೆ ಮಾತಾಡಿಕೊಂಡ ಹಾಗೆ. “ಇದ್ರ ಮಾತು ನಿಂತ್ರೆ ರಸ ಆಯ್ತು ಅಂತ. ನಿಂತ ಮೂರು ದಿನದೊಳಗೆ ಸೋಸ್ಬೇಕು. ತಡ ಮಾಡಿದ್ಯೋ, ಹುಳಿ ಹೊಡೀತು, ಎಮ್ಮೆಗೆ ಹುಯ್ಯೋದಷ್ಟೇ,” ಎಂದು ಅಜ್ಜಿ ಹೇಳಿದ್ದರು. ಸೋಸುವ ಕೈಯೂ ಅವರದೇ. ಮತ್ತೊಬ್ಬರಿಗೆ ಅದರ ಹದ ಗೊತ್ತಿರಲಿಲ್ಲ.

ಯುಗಾದಿ ಕಳೆದು ಒಂದು ಬುಧವಾರ ಬೆಳಗ್ಗೆ ಭರಣಿಯ ಮಾತು ನಿಂತಿತು. ಅಜ್ಜಿ ಹೊರಗೆ ಬಂದು, “ಸುಮ್ಮನಾಯ್ತು. ಶುಕ್ರವಾರ ಸೋಸಾಣ,” ಎಂದು ಸಾರಿದರು. ಅತ್ತೆ ಸೀಸೆಗಳನ್ನು ಬಿಸಿಲಿಗಿಟ್ಟರು. ನಾದಿನಿ ಅವತ್ತು ಎರಡು ತುತ್ತು ಹೆಚ್ಚು ಉಂಡಳು.

ಹನ್ನೊಂದು ಗಂಟೆಯ ಹೊತ್ತಿಗೆ ಪೋಸ್ಟಿನವನು ಬಂದ. ಅಂಗಳದ ಬೇಲಿಯ ದಣಪೆಯ ಹತ್ತಿರ ಸೊಪ್ಪು ಕೊಯ್ಯುತ್ತಿದ್ದ ನನ್ನ ಕೈಗೆ ಒಂದು ಕಾರ್ಡು ಕೊಟ್ಟ. “ಬಿಸ್ಲಲ್ಲಿ ಬಂದಿದೀರಿ, ಮಜ್ಜಿಗೆ ಕುಡ್ಕೊಂಡ್ ಹೋಗಿ” ಎಂದೆ. “ಇವತ್ತು ಬ್ಯಾಡ ಅಮ್ಮ” ಎಂದು ತಲೆ ತಗ್ಗಿಸಿ ಹೊರಟ. ಜಗಲಿಯಲ್ಲಿ ಅಜ್ಜಿ ಸೋಸುವ ಬಟ್ಟೆಯನ್ನು ಮಡಚುತ್ತ ಕೂತಿದ್ದರು.

ಕಾರ್ಡಿನ ನೆತ್ತಿಯ ಮೇಲೆ ಶ್ರೀಕಾರ ಇರಲಿಲ್ಲ. ಹುಲಿಕಲ್ಲಿನಿಂದ, ಅಲ್ಲಿಯ ಅಜ್ಜನ ಮಗ ಬರೆದದ್ದು. ತಂದೆಯವರು ಶನಿವಾರ ಬೆಳಗ್ಗೆ ತೀರಿಕೊಂಡರು, ನರಳಲಿಲ್ಲ, ಹನ್ನೊಂದನೆಯ ದಿನದ ಕಾರ್ಯ ಬರುವ ಮಂಗಳವಾರ, ಎಲ್ಲರೂ ಬರಬೇಕು.

ನಾನು ಅವರನ್ನು ನೋಡಿದ್ದು ಒಂದೇ ಸಲ, ನನ್ನ ಮದುವೆಯಲ್ಲಿ. “ಸಾಗರದ ಹುಡ್ಗಿಗೆ ನಮ್ಮ ದ್ರಾಕ್ಷಿ ಹುಳಿ ಆಗ್ತದೋ ಏನೋ” ಎಂದು ಎಲ್ಲರೆದುರು ತಮಾಷೆ ಮಾಡಿದ್ದರು. ಕೆಂಪು ಪೇಟ, ಮುಂದಿನ ಎರಡು ಹಲ್ಲಿಲ್ಲದ ನಗು. ಅದು ಕಣ್ಣಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದು ಬಂದದ್ದಕ್ಕೆ ನನಗೆ ನಾಚಿಕೆಯಾಯಿತು, ಆದರೂ ಬಂತು. ಸತ್ತವರು ದಾಯಾದಿ. ಈ ಸುದ್ದಿ ಒಳಗೆ ಹೋದ ಕ್ಷಣದಿಂದ ಮನೆಗೆ ಸೂತಕ. ಅಜ್ಜಿ ಮಂಗಳವಾರದವರೆಗೆ ಕಣಜದ ಕೋಣೆಯ ಹೊಸಿಲು ದಾಟುವುದಿಲ್ಲ. ಭರಣಿ ಹುಳಿಯಾಗುತ್ತದೆ. ನಾದಿನಿಗೆ ಬೇರೆ ರಸವಿಲ್ಲ.

ಸೂತಕದ ವಿಷಯದಲ್ಲಿ ಒಂದು ಮಾತಿದೆ: ಕಿವಿಗೆ ಬಿದ್ದರೆ ಸೂತಕ, ಬೀಳದಿದ್ದರೆ ಇಲ್ಲ. ನಾನು ಕಾರ್ಡನ್ನು ರವಿಕೆಯೊಳಗೆ ಸೇರಿಸಿದೆ. ಶುಕ್ರವಾರ ರಸ ಸೋಸಿದ ಮೇಲೆ ಕೊಟ್ಟರೆ ಮಂಗಳವಾರದ ಕಾರ್ಯಕ್ಕೆ ಹೋಗಲು ಬೇಕಾದಷ್ಟು ಹೊತ್ತಿರುತ್ತದೆ. ಯಾರಿಗೂ ಮೋಸವಿಲ್ಲ. ಹಾಗೆಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಆದರೆ ಸುದ್ದಿ ನನಗಂತೂ ಗೊತ್ತಾಗಿತ್ತಲ್ಲ. ಇಡೀ ಮನೆಯಲ್ಲಿ ಸೂತಕ ಬಂದದ್ದು ನನಗೊಬ್ಬಳಿಗೆ. ನಾನು ಭರಣಿ ಮುಟ್ಟುವ ಹಾಗಿಲ್ಲ, ದೇವರ ಕೋಣೆಗೆ ಹೋಗುವ ಹಾಗಿಲ್ಲ, ಅಜ್ಜಿಯ ಮೈ ತಾಗಿಸುವ ಹಾಗಿಲ್ಲ. ಮೊದಲು ತಲೆಗೆ ನೀರು ಬೀಳಬೇಕು. ಸೀದಾ ಬಾವಿಕಟ್ಟೆಗೆ ಹೋಗಿ, ಉಟ್ಟ ಸೀರೆಯಲ್ಲೇ ಒಂದು ಕೊಡಪಾನ ತಲೆಯ ಮೇಲೆ ಸುರಿದುಕೊಂಡೆ. ಹೊರಗೆ ಬಂದ ಅತ್ತೆ ಬೆಚ್ಚಿಬಿದ್ದರು.

“ಎಂತ ಆಯ್ತೇ ಮಾರಾಯ್ತಿ?”

“ಹೊರಗಾದೆ ಅತ್ತೆಮ್ಮ,” ಎಂದೆ. ಮುಟ್ಟಾದವಳನ್ನು ಮೂರು ದಿನ ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಅದಕ್ಕಿಂತ ಒಳ್ಳೆಯ ನೆಪ ನನಗೆ ಹೊಳೆಯಲಿಲ್ಲ.

ಅತ್ತೆಯ ಮುಖ ಸಪ್ಪಗಾಯಿತು. ಮದುವೆಯಾಗಿ ಎರಡು ವರ್ಷ, ಪ್ರತಿ ತಿಂಗಳೂ ಅವರು ಬಾಯಿಬಿಟ್ಟು ಕೇಳದೆ ಕಾಯುತ್ತಿದ್ದರು. ಆ ತಿಂಗಳು ನನಗೆ ಹತ್ತು ದಿನ ಮೀರಿತ್ತು. ಅದನ್ನು ನಾನು ನಮ್ಮವರಿಗೆ ಮಾತ್ರ ಹೇಳಿದ್ದೆ. ಮಧ್ಯಾಹ್ನ ಗದ್ದೆಯಿಂದ ಬಂದವರು ಹಿಂದಿನ ಜಗಲಿಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದ ನನ್ನನ್ನು ಕಂಡು ದೂರದಲ್ಲೇ ನಿಂತರು.

“ಹಾಗಾದ್ರೆ ಇಲ್ವಾ?” ಎಂದರು.

ನಾನು ಇಲ್ಲ ಎನ್ನುವಂತೆ ತಲೆಯಾಡಿಸಿದೆ. ಅವರೂ ದಾಯಾದಿಯೇ. ನಿಜ ಹೇಳಿದರೆ ಅವರಿಗೂ ಸೂತಕ, ಅವರ ಬಾಯಿಂದ ಅಮ್ಮನಿಗೆ, ಅಮ್ಮನಿಂದ ಅಜ್ಜಿಗೆ. “ಇರ್ಲಿ ಬಿಡು,” ಎಂದು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೋದರು. ಜೀವನದಲ್ಲಿ ನಾನು ಸುಳ್ಳು ಹೇಳಿಲ್ಲವೆಂದಲ್ಲ, ಬೇಕಾದಷ್ಟು ಹೇಳಿದ್ದೇನೆ. ಅದರಲ್ಲಿ ಅದೊಂದು ಇವತ್ತಿಗೂ ಚುಚ್ಚುತ್ತದೆ.

ಎರಡು ದಿನ ಆ ಕೋಣೆಯಲ್ಲಿ ಬಾಳೆಲೆಯ ಮೇಲೆ ಅತ್ತೆ ಬಡಿಸಿದ್ದನ್ನು ಉಂಡು, ಕಿಟಕಿಯಿಂದ ಬಳ್ಳಿ ನೋಡುತ್ತ ಕೂತೆ. ಅಜ್ಜಿ ಅಂಗಳದಲ್ಲಿ ದೂರದಿಂದ ಹಾದುಹೋದರೇ ಹೊರತು ಒಮ್ಮೆಯೂ ಹತ್ತಿರ ಬರಲಿಲ್ಲ. ಅವರ ಧ್ವನಿ ಕೂಡ ಕೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದ ಹೆಂಗಸು ಎರಡು ದಿನ ಮೌನವಾಗಿದ್ದಾರೆ ಎನ್ನುವುದು ನನಗೆ ಆಗಲೇ ಹೊಳೆಯಬೇಕಿತ್ತು. ನನ್ನ ಸುಳ್ಳಿನ ಗಡಿಬಿಡಿಯಲ್ಲಿ ನಾನಿದ್ದೆ.

ಶುಕ್ರವಾರ ಬೆಳಗ್ಗೆ ಹಿಂದಿನ ಜಗಲಿಯಲ್ಲೇ ಸೋಸಲು ಕೂತರು. ನನ್ನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅತ್ತೆ ಮಾವ ಇಬ್ಬರೂ ಭರಣಿಯನ್ನು ಹಿಡಿದು ತಂದಿಟ್ಟರು. ಅಜ್ಜಿ ಮಣ್ಣಿನ ಮುದ್ರೆಗೆ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಮುಚ್ಚಳ ತೆಗೆದ ಕೂಡಲೇ ಬಂದ ಪರಿಮಳ ನನ್ನ ಕೋಣೆಯವರೆಗೂ ತಲುಪಿತು. ಲವಂಗ, ಹಣ್ಣು, ಒದ್ದೆ ಕಟ್ಟಿಗೆ ಎಲ್ಲ ಬೆರೆತ ವಾಸನೆ. ಮೂರು ಮಡಿಕೆಯ ಬಟ್ಟೆಯಲ್ಲಿ ರಸ ಇಳಿಯತೊಡಗಿತು. ಹಿಂಡುವ ಹಾಗಿಲ್ಲ, ತಾನಾಗಿಯೇ ಇಳಿಯಬೇಕು. ಅಜ್ಜಿ ಚಮಚದಲ್ಲಿ ತೆಗೆದು ಬಿಸಿಲಿಗೆ ಹಿಡಿದು ಬಣ್ಣ ನೋಡಿದರು. ಗಾಢವಾದ ಕೆಂಪು, ಅಂಚಿನಲ್ಲಿ ಸ್ವಲ್ಪ ಹೊಂಬಣ್ಣ. ನಾಲಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಹೆಂಗಿದೆ ಅಜ್ಜಿ?” ಎಂದು ನಾದಿನಿ ತಡೆಯಲಾರದೆ ಕೇಳಿದಳು.

“ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ,” ಎಂದರು ಅಜ್ಜಿ. ಹೊಗಳಿಕೆಯಲ್ಲಿ ಜಿಪುಣರಾದ ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ಮಾವನವರು ಒಮ್ಮೆ ಕೆಮ್ಮಿ ನೋಡಿದರು. ಪ್ರಯೋಜನವಾಗಲಿಲ್ಲ.

ನನಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಮೊದಲು ನಾದಿನಿಯ ಸೀಸೆಗಳು ತುಂಬಿದವು. ಆಮೇಲೆ ಅಜ್ಜಿ ಜಗಲಿಯ ಕಟ್ಟೆಯ ಮೇಲಿದ್ದ ಹಸಿರು ಸೀಸೆಗೆ ಕೈ ಹಾಕಿದರು. ನನ್ನ ಜೀವ ಮತ್ತೆ ಹಾರಿತು. ಈಗ ಹುಲಿಕಲ್ಲಿನ ಸೀಸೆ ತುಂಬುತ್ತದೆ, ಈಗ ನನ್ನನ್ನು ಕಾಗದ ಬರೆಯಲು ಕರೆಯುತ್ತಾರೆ, ‘ನೀನೂ ಚೆನ್ನಾಗಿರು’ ಎಂದು ನಾನು ಯಾರಿಗೆ ಬರೆಯಲಿ? ಅಜ್ಜಿ ಸೀಸೆಯನ್ನು ಕತ್ತಿನವರೆಗೆ ತುಂಬಿದರು. ಹಾಳೆಯನ್ನು ಮುಟ್ಟಲಿಲ್ಲ. ಸೀಸೆ ಹಿಡಿದು ಎದ್ದು, ಅಂಗಳ ದಾಟಿ, ಧರೆ ಹತ್ತಿ, ಮೂರು ಬಳ್ಳಿಗಳಲ್ಲಿ ನಡುವಿನದರ ಬುಡದಲ್ಲಿ ಕೂತರು. ಸೋಗೆ ಸರಿಸಿ, ಸೀಸೆಯ ಬಾಯಿ ತೆರೆದು, ಒಂದು ಹನಿ ಉಳಿಸದೆ ಅಷ್ಟನ್ನೂ ಬುಡಕ್ಕೆ ಸುರಿದರು.

“ಅಯ್ಯೋ, ಎಂತ ಮಾಡ್ತಿದೀರಾ ಅತ್ತೆ! ಹುಲಿಕಲ್ಲಿನ ಸೀಸೆ ಅದು!” ಎಂದು ಅತ್ತೆ ಕೂಗಿದರು.

“ಅವ್ನಿಗೇ ಕೊಟ್ಟಿದ್ದು,” ಎಂದರು ಅಜ್ಜಿ.

ಅಲ್ಲಿಂದ ನೇರ ನನ್ನ ಕಿಟಕಿಗೆ ಬಂದರು. ಕಣ್ಣು ಕೆಂಪಾಗಿದ್ದವು. “ರಸ ಸೋಸಿ ಆಯ್ತು. ಈಗ ಆ ಕಾರ್ಡು ತೆಗಿ ಹುಡ್ಗಿ. ಓದು.”

ಬೆವರಿಗೆ ಮೆತ್ತಗಾಗಿದ್ದ ಕಾರ್ಡನ್ನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಓದಿದೆ. ನರಳಲಿಲ್ಲ ಎನ್ನುವ ಕಡೆ ಅಜ್ಜಿ, “ಇನ್ನೊಂದ್ಸಲ ಅದನ್ನ ಓದು” ಎಂದರು. ಓದಿದೆ. ಅವರು ಅಂಗಳದ ಮಣ್ಣಿನಲ್ಲೇ ಕೂತು, ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಏನೂ ಅರ್ಥವಾಗದೆ ನನ್ನ ಮುಖ, ಅವರ ಮುಖ ನೋಡುತ್ತಿದ್ದರು.

“ನಿಮ್ಗೆ ಹೆಂಗೆ ಗೊತ್ತಾಯ್ತು ಅಜ್ಜಿ?” ಎಂದು ನಾನು ಕೇಳಿದ್ದು ಬಹಳ ಹೊತ್ತಿನ ಮೇಲೆ.

“ನಮ್ಮ ಮನೆ ಮಜ್ಜಿಗೆ ಬ್ಯಾಡ ಅಂತ ಆ ಪೋಸ್ಟಿನವ್ನು ಯಾವತ್ತು ಹೋಗಿದಾನೆ? ಸಾವಿನ ಕಾಗ್ದ ತಂದ ಮನೇಲಿ ಅವ್ನು ನೀರು ಮುಟ್ಟಲ್ಲ, ಮುಂಚಿಂದಾನೂ ಹಂಗೇ. ಆಮೇಲೆ ನೀನು. ಹೊರಗಾದವ್ಳು ತಲೆಗೆ ಹುಯ್ಕೊಳೋದು ನಾಕನೇ ದಿನ ಕಣೇ. ಮೊದಲ್ನೇ ದಿನ ಹುಯ್ಕೊಂಡವ್ಳನ್ನ ನಾನು ಎಲ್ಲೂ ಕಂಡಿಲ್ಲ. ಯಾರು ಹೋದ್ರು ಅಂತ ನೀನು ಬಳ್ಳಿ ನೋಡ್ತಾ ಕೂತಾಗ ತಿಳೀತು.”

“ಗೊತ್ತಿದ್ರೂ ಭರಣಿ ಮುಟ್ಟಿದ್ರಾ?” ಎಂದು ಅತ್ತೆ ಗಾಬರಿಯಿಂದ ಕೇಳಿದರು.

“ನಂಗೆ ಯಾರಾದ್ರೂ ಹೇಳಿದ್ರಾ? ನೀನು ಹೇಳ್ದ್ಯಾ?” ಅಜ್ಜಿ ಕಣ್ಣೊರೆಸಿಕೊಂಡರು. “ಹೇಳಿದ್ರೆ ತಾನೇ ಸೂತಕ. ಅವ್ನು ನೆಟ್ಟ ಬಳ್ಳಿ. ಅವ್ನು ಹೋದ ಅಂತ ಅವ್ನ ಬಳ್ಳೀದು ಹುಳಿ ಆಗ್ಬೇಕಾ? ಹೋದ ವರ್ಷದ್ದೇ ಚೆನ್ನಾಗಿತ್ತು ಅಂತಿದ್ದ. ಈ ವರ್ಷದ್ದು ಕುಡೀಲಿ, ಎಂತ ಹೇಳ್ತಾನೆ ನೋಡಾಣ.”

ಆಮೇಲೆ ಎಲ್ಲರೂ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರು. ಮನೆಯೆಲ್ಲ ಸೂತಕವಾದ ಮೇಲೆ ನಾನೊಬ್ಬಳು ಬೇರೆ ಕೂರುವ ಅಗತ್ಯವಿರಲಿಲ್ಲ. ಒಳಗೆ ಹೋಗುವಾಗ ಅಜ್ಜಿ ನನ್ನನ್ನು ಬಾಗಿಲಲ್ಲಿ ತಡೆದು, ಸೆರಗಿನ ಮರೆಯಿಂದ ಬೂಚು ಹಾಕಿದ ಒಂದು ಸಣ್ಣ ಸೀಸೆ ತೋರಿಸಿದರು.

“ಇದು ನಿಂದು. ಸೂತಕಕ್ಕೆ ಮುಂಚೇನೇ ತುಂಬಿದೀನಿ. ಕಾರ್ತಿಕ ಕಳೀಲಿ, ಬೇಕಾಗ್ತದೆ.”

“ನಿಮ್ಗೆ ಅದೂ ಗೊತ್ತಾ ಅಜ್ಜಿ?” ಎಂದೆ.

“ಮೂರು ದಿನದಿಂದ ಒಂದು ಬಟ್ಟೆ ಒಗೆದು ಹಾಕಿದ್ದು ಕಂಡಿಲ್ಲ. ಹೋದ ವಾರದಿಂದ ಒಗ್ಗರಣೆ ಹಾಕಿದ್ರೆ ಮೂಗು ಮುಚ್ಕೊಂಡು ಓಡ್ತೀಯ. ಹೋಗು, ಗಂಡಂಗೆ ಹೇಳು ಮೊದ್ಲು. ಎರಡು ದಿನದಿಂದ ಎತ್ತಿನ ಹತ್ರ ಮಾತಾಡ್ತಿದಾನೆ ಪಾಪ.”

ಹೋಗಿ ಹೇಳಿದೆ. ನಮ್ಮವರು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಎತ್ತಿಗೆ ಇನ್ನೊಂದು ಹೊರೆ ಹುಲ್ಲು ಹಾಕಿದರು. ಮಂಗಳವಾರ ಎಲ್ಲರೂ ಹುಲಿಕಲ್ಲಿಗೆ ಹೋಗಿಬಂದರು. ನನ್ನನ್ನು ಮಾತ್ರ ಬಸ್ಸಿನ ಕುಲುಕಾಟ ಬೇಡವೆಂದು ಅತ್ತೆ ಬಿಟ್ಟುಹೋದರು. ನಾದಿನಿ ವೈಶಾಖದಲ್ಲಿ ಗಂಡುಮಗು ಹೆತ್ತಳು. ಈ ಸಲವೂ ಸೊರಗಿದಳು, ಆದರೆ ಮೊದಲಿನಷ್ಟಲ್ಲ. ತಿಂಗಳೊಳಗೆ ಅಂಗಳದಲ್ಲಿ ಓಡಾಡಿ ನನ್ನ ಮೇಲೆ ಅಧಿಕಾರ ನಡೆಸುವಷ್ಟಾದಳು.

ಅಜ್ಜಿ ನನ್ನನ್ನು ತವರಿಗೆ ಕಳಿಸಲು ಒಪ್ಪಲಿಲ್ಲ; ಮಾರ್ಗಶಿರದ ಮೊದಲ ವಾರ ಅಲ್ಲೇ ನನಗೆ ಮಗಳು ಹುಟ್ಟಿದಳು. ನೀರು ಹಾಕಿಸಿಕೊಂಡು, ಕಂಬಳಿ ಹೊದ್ದು ಕೂತಿದ್ದಾಗ ಅಜ್ಜಿ ಆ ಸಣ್ಣ ಸೀಸೆ ತಂದರು. ಬೂಚು ತೆಗೆದು ಚಮಚಕ್ಕೆ ಬಗ್ಗಿಸಿದರು. ಎರಡೂವರೆ ವರ್ಷ ಆ ಮನೆಯಲ್ಲಿದ್ದು ನಾನು ಅದನ್ನು ರುಚಿ ನೋಡಿದ್ದು ಅದೇ ಮೊದಲು. ನಾಲಿಗೆಯ ತುದಿಯಲ್ಲಿ ಸಿಹಿ, ಆಮೇಲೆ ಒಗರು, ಗಂಟಲಿಳಿದ ಮೇಲೆ ಎದೆಯಲ್ಲಿ ಬೆಚ್ಚಗೆ. ಅಜ್ಜಿ ಚಮಚ ಹಿಡಿದುಕೊಂಡೇ ನನ್ನ ಬಾಯಿಂದ ಮಾತು ಬರಲಿ ಎಂದು ಕಾಯುತ್ತಿದ್ದರು. ಆ ವರ್ಷ ಹುಲಿಕಲ್ಲಿನಿಂದ ಕಾಗದ ಬಂದಿರಲಿಲ್ಲ. ಮಣೆಯ ಅಡಿಯಲ್ಲಿ ಹಳೆಯ ಕಾಗದಗಳ ಮೇಲೆ ಹೊಸದು ಸೇರಿರಲಿಲ್ಲ.

“ಈ ವರ್ಷದ ರಸ ಚೆನ್ನಾಗಿದೆ ಅಜ್ಜಿ,” ಎಂದೆ. “ಹೋದ ವರ್ಷದ್ದು ಇನ್ನೂ ಚೆನ್ನಾಗಿತ್ತು.”

ಅಜ್ಜಿ ಚಮಚವನ್ನು ಸೀಸೆಯ ಪಕ್ಕಕ್ಕಿಟ್ಟರು. ಆಮೇಲೆ ನಗಲು ತೊಡಗಿದರು. ಕಣ್ಣಲ್ಲಿ ನೀರು ಸುರಿಯುವವರೆಗೆ, ಮಗಳು ಎಚ್ಚರವಾಗಿ ಅಳುವವರೆಗೆ ನಕ್ಕರು. “ಹಾಗಾದ್ರೆ ಹೋದ ವರ್ಷ ಯಾಕೆ ಹೇಳ್ಲಿಲ್ಲ ನೀನು?” ಎಂದು ಗದರಿಸಿ, ಚಮಚವನ್ನು ಮತ್ತೊಮ್ಮೆ ತುಂಬಿ ನನ್ನ ಬಾಯಿಗೆ ಹಿಡಿದರು. ಹೋದ ವರ್ಷದ ರಸದ ಒಂದು ಹನಿಯನ್ನೂ ನಾನು ಕುಡಿದವಳಲ್ಲ. ಅದು ಅವರಿಗೂ ಗೊತ್ತಿತ್ತು.